ಗಾಡಿಯ ಕೆಳಗೆ

ನಮ್ಮ ಮನೆಯಲ್ಲಿ ಅದನ್ನು ಯಾರೂ ಕಾರು ಅನ್ನುತ್ತಿರಲಿಲ್ಲ, ಗಾಡಿ ಅನ್ನುತ್ತಿದ್ದರು. ಶೇಂಗಾಕ್ಕೆ ಒಳ್ಳೆಯ ಕಾಲವಿದ್ದಾಗ ನಮ್ಮ ಮಾವನವರು ಬಳ್ಳಾರಿಯ ಒಬ್ಬ ವಕೀಲರಿಂದ ಕೊಂಡುತಂದದ್ದಂತೆ. ನಾನು ಚಳ್ಳಕೆರೆಗೆ ಸೊಸೆಯಾಗಿ ಬರುವ ಹೊತ್ತಿಗೇ ಅದಕ್ಕೆ ವಯಸ್ಸಾಗಿತ್ತು. ಕಪ್ಪು ಬಣ್ಣ, ದುಂಡು ಮೂತಿ, ಎತ್ತಿಕಟ್ಟಿದ ಹಾಗಿದ್ದ ಹಿಂಭಾಗ. ಮನೆ ಎಣ್ಣೆ ಮಿಲ್ಲಿನ ಹಿಂದೆ. ಮಿಲ್ಲಿನ ಹಳೆಯ ಉಗ್ರಾಣವೊಂದನ್ನೇ ಗಾಡಿಗೆ ಶೆಡ್ಡು ಮಾಡಿದ್ದರು. ಅದರ ಬಾಗಿಲು ತೆಗೆದರೆ ಪೆಟ್ರೋಲಿಗಿಂತ ಮೊದಲು ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮಾವನವರು ಹೋದಮೇಲೆ ಗಾಡಿಯನ್ನು ನೋಡಿಕೊಂಡವರು ನನ್ನ ಗಂಡ. ಮಿಲ್ಲಿನ ಕೆಲಸದಲ್ಲಿ ಅವರಿಗೆ ಅಷ್ಟಕ್ಕಷ್ಟೇ. ಭಾನುವಾರ ಬಂತೆಂದರೆ ಮಾತ್ರ ಹಳೆಯ ಅಂಗಿ ತೊಟ್ಟು, ಗೋಣಿಚೀಲ ಹಾಸಿ, ಗಾಡಿಯ ಕೆಳಗೆ ಸೇರುತ್ತಿದ್ದರು. ಜೊತೆಗೆ ಅವರ ತಮ್ಮ, ನನ್ನ ಮೈದುನ. ಅಣ್ಣ ಕೆಳಗೆ, ತಮ್ಮ ಮೇಲೆ. ಇಬ್ಬರ ಮಾತು, ಬೈಗುಳ, ನಗು ಅಡುಗೆಮನೆಯವರೆಗೆ ಕೇಳುತ್ತಿತ್ತು.

ಅವರು ಮಾಡುತ್ತಿದ್ದ ಕೆಲಸ ಇದು. ಇಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಉದ್ದನೆಯ ಶಾಫ್ಟೊಂದು ಗಾಡಿಯ ಹೊಟ್ಟೆಯ ಕೆಳಗೆ ಇರುತ್ತದೆ. ಅದರ ಎರಡು ತುದಿಗೂ ಒಂದೊಂದು ಉಕ್ಕಿನ ಕೀಲು. ಕೂಡುವ ಲೆಕ್ಕದ ಗುರುತಿನಂತೆ ನಾಲ್ಕು ತೋಳು ಇರುವುದರಿಂದ ಮೆಕ್ಯಾನಿಕ್ಕುಗಳು ಅದಕ್ಕೆ ಕ್ರಾಸ್ ಎನ್ನುತ್ತಾರೆ. ಚಕ್ರ ಗುಂಡಿಗೆ ಬಿದ್ದು ಎದ್ದಾಗ ಶಾಫ್ಟು ಮುರಿಯದ ಹಾಗೆ ಮಣಿಯುವುದು ಆ ಕೀಲಿನಲ್ಲಿ. ಹಳೆಯ ಗಾಡಿಯಾದರೆ ಅದಕ್ಕೆ ಆಗಾಗ ಗ್ರೀಸು ತುಂಬಬೇಕು, ಇಲ್ಲವಾದರೆ ಒಣಗಿ ಸವೆದು ಕಡಕಡ ಅನ್ನುತ್ತದೆ. ಗ್ರೀಸು ಹೋಗಲು ಕೀಲಿನ ಮೈಮೇಲೆ ಬಟಾಣಿ ಕಾಳಿನಷ್ಟು ಒಂದು ನಿಪ್ಪಲ್ ಇರುತ್ತದೆ. ಗ್ರೀಸ್ ಗನ್ನಿನ ಬಾಯಿಯನ್ನು ಅದಕ್ಕೆ ಕಚ್ಚಿಸಿ ಒತ್ತಬೇಕು. ಆದರೆ ಶಾಫ್ಟು ಎಲ್ಲಿ ನಿಂತಿರುತ್ತದೋ ನಿಪ್ಪಲ್ಲೂ ಅಲ್ಲೇ. ಅದು ಮೇಲ್ಮುಖವಾಗಿದ್ದರೆ ಗನ್ನು ಸೇರುವುದಿಲ್ಲ. ಆಗ ಹಿಂದಿನ ಒಂದು ಚಕ್ರವನ್ನು ಜಾಕಿನಿಂದ ಎತ್ತಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಆ ಚಕ್ರವನ್ನು ಕೈಯಿಂದ ತಿರುಗಿಸಿದರೆ ಶಾಫ್ಟೂ ತಿರುಗಿ ನಿಪ್ಪಲ್ ಕೆಳಗೆ ಬರುತ್ತದೆ. ತಿರುಗಿಸುವುದು ತಮ್ಮನ ಕೆಲಸ.

ನನಗೆ ಗಾಡಿ ಬಿಡಲು ಕಲಿಸಿದವರೂ ನನ್ನ ಗಂಡನೇ. ಊರಿನ ರಸ್ತೆಯಲ್ಲಿ ಕಲಿತರೆ ಜನ ನಗುತ್ತಾರೆಂದು ಉಳ್ಳಾರ್ತಿ ಕಾವಲಿನ ಬಯಲಿಗೆ ಕರೆದುಕೊಂಡು ಹೋಗುತ್ತಿದ್ದರು. ಹುಲ್ಲಿನ ನಡುವೆ ಎತ್ತಿನ ಬಂಡಿಗಳ ಜಾಡು, ದೂರದಲ್ಲಿ ಮೇಯುವ ದನ, ಮತ್ತೇನೂ ಇಲ್ಲ. "ಯಾರಿಗೂ ಗುದ್ದಂಗಿಲ್ಲ, ಗುದ್ದಾಕೆ ಇಲ್ಲಿ ಯಾರೂ ಇಲ್ಲ" ಎನ್ನುತ್ತಿದ್ದರು. ಅತ್ತೆಗೆ ಇದು ತಿಳಿದದ್ದು ಎಷ್ಟೋ ದಿನಗಳ ಮೇಲೆ. ಬೈಯಲಿಲ್ಲ. "ಹೊಟ್ಟೆಗೆ ಹಿಟ್ಟಿದ್ದೋರ ಆಟ" ಎಂದು ಸುಮ್ಮನಾದರು.

ತೊಂಬತ್ತರ ದಶಕದ ಆರಂಭ ಅದು. ಅಣ್ಣತಮ್ಮಂದಿರಲ್ಲಿ ಪಾಲಾಗುವ ಮಾತು ನಡೆದಿತ್ತು. ಜಗಳವೇನೂ ಇರಲಿಲ್ಲ, ಸಂಸಾರ ಬೆಳೆಯಿತು, ಬೇರೆಬೇರೆ ಇರೋಣ ಅಂತ ಅಷ್ಟೇ. ಆದರೆ ಪಾಲಿನ ಮಾತು ಎತ್ತಿದ ಮನೆಯ ಗೋಡೆಗೆ ಊರೆಲ್ಲ ಕಿವಿ ಹಚ್ಚಿರುತ್ತದೆ.

ಅಂದು ಭಾನುವಾರ. ನಾನು ರೊಟ್ಟಿ ಬಡಿಯುತ್ತಿದ್ದೆ. ಶೆಡ್ಡಿನ ಕಡೆಯಿಂದ ಧೊಪ್ ಎಂದು ಸದ್ದಾಯಿತು. ಮಿಲ್ಲಿನ ಮನೆಯಲ್ಲಿ ಮೂಟೆ ಬೀಳುವ ಸದ್ದು ದಿನವೂ ಇದ್ದದ್ದೇ. ನಾನು ತಲೆ ಎತ್ತಲಿಲ್ಲ, ಹೆಂಚಿನ ಮೇಲಿನ ರೊಟ್ಟಿಯನ್ನು ತಿರುವಿಹಾಕಿದೆ. ಆಮೇಲೆ ಮೈದುನನ ಕೂಗು ಕೇಳಿತು. "ಅಣ್ಣಾ" ಎಂದೋ "ಅವ್ವಾ" ಎಂದೋ ಗೊತ್ತಾಗಲಿಲ್ಲ, ಗಂಟಲು ಹರಿದುಹೋಗುವ ಕೂಗು.

ನಾನು ಓಡಿಹೋದಾಗ ಅವನು ಹಿಂದಿನ ಬಂಪರನ್ನು ಎರಡೂ ಕೈಯಿಂದ ಹಿಡಿದು ಗಾಡಿಯನ್ನು ಎತ್ತಲು ಒದ್ದಾಡುತ್ತಿದ್ದ. ಜಾಕು ಮಗುಚಿ ಬಿದ್ದಿತ್ತು. ಗಾಡಿಯ ಹಿಂದಿನ ಅಚ್ಚಿನ ನಡುವೆ ಗಡಿಗೆಯಷ್ಟು ದಪ್ಪನೆಯ ಕಬ್ಬಿಣದ ಗುಂಡು ಇರುತ್ತದೆ, ಅದು ನನ್ನ ಗಂಡನ ಎದೆಯ ಮೇಲೆ ಕೂತಿತ್ತು. ಹೊರಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ. ಮಿಲ್ಲಿನ ಹಮಾಲರು ಬಂದರು, ಎತ್ತಿದರು, ಎಳೆದರು. ಮಿಲ್ಲಿನ ಟೆಂಪೋದಲ್ಲಿ ಹಾಕಿಕೊಂಡು ಚಿತ್ರದುರ್ಗದ ದಾರಿ ಹಿಡಿದೆವು. ಮೈದುನ ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಅವರು ಒಮ್ಮೆ ಕಣ್ಣು ಬಿಟ್ಟರು, ಮಾತಾಡಲಿಲ್ಲ. ದುರ್ಗ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಊರಿನ ಬಾಯಿ ತೆರೆಯಿತು. "ಗಾಡಿ ಜಾರಿತೋ ಜಾರಿಸಿದ್ನೋ, ಶಿವನಿಗೇ ಗೊತ್ತು" ಎಂದು ಯಾರು ಮೊದಲು ಅಂದರೋ ತಿಳಿಯದು. ಮಾತಾಡಿಸಲು ಬಂದ ಹೆಂಗಸರು ನನ್ನ ಕೈ ಹಿಡಿದುಕೊಂಡು, ದನಿ ತಗ್ಗಿಸಿ, "ಪಾಲಿನ ಮಾತು ನಡೆದಿತ್ತಂತಲ್ಲ?" ಎಂದು ಕೇಳುತ್ತಿದ್ದರು. ಅತ್ತೆಯ ಕಿವಿಗೂ ಅದು ಬಿತ್ತು. ಅವರು ಅತ್ತು ಅತ್ತು ಸುಸ್ತಾಗಿದ್ದರು, ನಂಬಲು ಏನಾದರೂ ಬೇಕಾಗಿತ್ತು. ಒಂದು ದಿನ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದಾಗ ಮೈದುನ ಒಳಗೆ ಬಂದ. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು.

"ಅವನಿಗೆ ಹೇಳ್ರಿ. ನನ್ನ ಕಣ್ಣೆದುರಿಗೆ ಬರಬಾರ್ದು ಅಂತ ಹೇಳ್ರಿ."

"ಅವ್ವಾ, ನಾನೇನು ಮಾಡಿದೆ?"

"ಅದನ್ನ ನೀನೇ ಹೇಳ್ಬೇಕು."

ಅವನು ಹೇಳಲಿಲ್ಲ. ಹೊರಟುಹೋದ. ಮೊಳಕಾಲ್ಮೂರು ಅವನ ಹೆಂಡತಿಯ ತವರು. ಅಲ್ಲೇ ಮನೆ ಮಾಡಿ, ಸೀರೆ ನೇಯುವವರಿಗೆ ರೇಷ್ಮೆ ನೂಲು ಮಾರುವ ಅಂಗಡಿ ಇಟ್ಟನೆಂದು ಆಮೇಲೆ ತಿಳಿಯಿತು. ಪಾಲು ಕೇಳಲಿಲ್ಲ. ಕೇಳದೆ ಇದ್ದದ್ದನ್ನೂ ಊರು ಬಿಡಲಿಲ್ಲ. ತಪ್ಪು ಮಾಡಿದವನು ಹೇಗೆ ಕೇಳುತ್ತಾನೆ, ಎಂದಿತು.

ಮಿಲ್ಲನ್ನು ಬೇರೆಯವರಿಗೆ ನಡೆಸಲು ಕೊಟ್ಟೆವು. ನನ್ನ ಒಬ್ಬಳೇ ಮಗಳು ದಾವಣಗೆರೆಯ ಹಾಸ್ಟೆಲ್ಲಿನಲ್ಲಿ ಓದಲು ಹೋದಳು. ಮನೆಯಲ್ಲಿ ಅತ್ತೆ, ನಾನು. ಶೆಡ್ಡಿಗೆ ಬೀಗ. ಹೀಗೆ ಹಲವು ವರ್ಷ ಕಳೆದವು.

ಒಂದು ದಿನ ಅತ್ತೆಯೇ ಹೇಳಿಕಳಿಸಿ ಗುಜರಿಯ ಸಾಬರನ್ನು ಕರೆಸಿದ್ದರು. ನಾನು ಸಂತೆಯಿಂದ ಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಸಾಬರು ಗಾಡಿಯ ಮೈಯನ್ನು ಬೆರಳಿನಿಂದ ತಟ್ಟಿ ನೋಡುತ್ತಿದ್ದರು.

"ಮಾಲು ಪಸಂದಾಗೈತೆ ಅಮ್ಮಾರೆ. ಇಲ್ಲೇ ಕತ್ತರಿಸಿ ಒಯ್ತೀವಿ" ಎಂದರು.

"ಬೇಡ" ಎಂದೆ.

ಒಳಗಿನಿಂದ ಅತ್ತೆ ಕೂಗಿದರು, "ಯಾಕೆ ಬೇಡ? ಗಂಡನ್ನ ತಿಂದದ್ದನ್ನ ಪೂಜೆ ಮಾಡ್ತೀಯೇನು?"

"ಪೂಜೆ ಮಾಡಲ್ಲ ಅತ್ತೆ. ಓಡಿಸ್ತೀನಿ."

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ. ಕಾರಣ ಕೇಳಿದರೆ ಇವತ್ತಿಗೂ ಒಂದೇ ಉತ್ತರ ಕೊಡಲಾರೆ. ಕತ್ತರಿಸಿ ತೆಗೆದರೆ ಆ ಶೆಡ್ಡು ಬರಿದಾಗುತ್ತದೆ, ಬರಿದಾದ ಶೆಡ್ಡನ್ನು ಈ ಮನೆಯಲ್ಲಿದ್ದುಕೊಂಡು ದಿನವೂ ನೋಡಬೇಕಾಗುತ್ತದೆ ಎಂದು ಅನಿಸಿತ್ತು. ಸಾಬರು ನನ್ನ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ಕನನ್ನು ಕರೆಸಿದೆ. ಅವನು ಬ್ಯಾಟರಿ ಹಾಕಿದ, ಟ್ಯಾಂಕು ತೊಳೆದ, ಟೈರು ಬದಲಿಸಿದ. ಇಂಜಿನ್ನು ಕೆಮ್ಮಿ ಕೆಮ್ಮಿ ಹತ್ತಿಕೊಂಡಿತು. ಗೇರು ಹಾಕಿ ಮುಂದೆ ಬಿಟ್ಟಾಗ ಕೆಳಗಿನಿಂದ ಕಡಕ್ ಎಂದಿತು. ಒಣಗಿದ ಬಾಗಿಲಿನಂತೆ ಕಿರುಗುಟ್ಟುತ್ತ ಅಂಗಳದವರೆಗೆ ಹೋಗಿ ನಿಂತಿತು.

"ಕ್ರಾಸ್ ಒಣಗ್ಯಾವೆ ಅಕ್ಕಾರೆ. ಹಿಂಗೇ ರೋಡಿಗೆ ಬಿಟ್ರೆ ಶಾಫ್ಟ್ ಕಳಚಿ ಬೀಳ್ತೈತೆ. ಕೆಳಗೆ ಹೋಗಿ ಗ್ರೀಸ್ ಹೊಡೀಬೇಕು."

"ಹೊಡಿಯಪ್ಪ ಮತ್ತೆ."

ಅವನು ಕೈ ಒರೆಸಿಕೊಂಡ. "ಬೇರೆ ಏನ್ ಬೇಕಾದ್ರೂ ಹೇಳ್ರಿ. ಈ ಗಾಡಿ ಕೆಳಗೆ ಮಾತ್ರ ನಾನು ಮಲಗಲ್ಲ. ಮನೇಲಿ ಹೆಂಡ್ತಿ ಮಕ್ಕಳವ್ರೆ."

ಇನ್ನೊಬ್ಬನನ್ನು ಕೇಳಿದೆ. ಅವನೂ ಅದನ್ನೇ ಅಂದ. ಹಾಗಾಗಿ ಒಂದು ದಿನ ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಅಂಗಡಿ ಸಣ್ಣದು. ಗೋಡೆಯುದ್ದಕ್ಕೂ ಬಣ್ಣಬಣ್ಣದ ರೇಷ್ಮೆಯ ಲಡಿಗಳು ತೂಗುತ್ತಿದ್ದವು. ಅವನು ಒಬ್ಬ ಮುದುಕ ನೇಕಾರರಿಗೆ ನೂಲು ತೂಗಿಕೊಡುತ್ತಿದ್ದ. ನನ್ನನ್ನು ಕಂಡು ತಕ್ಕಡಿ ಕೆಳಗಿಟ್ಟ. ಕೂದಲು ಬೆಳ್ಳಗಾಗಿತ್ತು. ಅವನು ನನಗಿಂತ ಚಿಕ್ಕವನು. ಮುದುಕರು "ರಾ ಅಮ್ಮಾ, ಕೂಚೋ" ಎಂದು ತೆಲುಗಿನಲ್ಲಿ ಕೂರಲು ಹೇಳಿ, ತಾವು ಕೂತಿದ್ದ ಸ್ಟೂಲು ಬಿಟ್ಟುಕೊಟ್ಟು ಹೋದರು.

"ಅವ್ವ ಹೆಂಗವ್ಳೆ?" ಎಂದ.

"ಕಣ್ಣು ಮಂಜಾಗ್ಯಾವೆ. ಉಳಿದದ್ದೆಲ್ಲ ಹಂಗೇ ಐತೆ."

ಅವನು ತಲೆ ಆಡಿಸಿದ. ಸುತ್ತಿಬಳಸದೆ ಹೇಳಿದೆ, "ಗಾಡಿ ರಿಪೇರಿ ಮಾಡಿಸ್ತಾ ಇದೀನಿ. ಕ್ರಾಸಿಗೆ ಗ್ರೀಸ್ ಹೊಡೀಬೇಕು. ಊರಾಗೆ ಯಾರೂ ಅದರ ಕೆಳಗೆ ಮಲಗಲ್ಲ ಅಂತಾರೆ. ನೀನು ಬಾ."

ಅವನು ತೂಕದ ಕಲ್ಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಹೊರಗೆ ಯಾವುದೋ ಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಕೊನೆಗೆ, "ನನ್ನನ್ನ ಯಾಕೆ ಕರೀತೀರಾ ಅತ್ತಿಗೆ?" ಎಂದ. ಕಣ್ಣು ತುಂಬಿದ್ದವು. "ಬರ್ತೀಯಾ ಇಲ್ವಾ, ಅಷ್ಟು ಹೇಳು" ಎಂದೆ. ಅವನು ಹೇಳಲಿಲ್ಲ. ಅವನ ಹೆಂಡತಿ ಕೊಟ್ಟ ಟೀ ಕುಡಿದು ಬಂದೆ.

ಬಂದ. ಮುಂದಿನ ವಾರ, ಬೆಳಗಿನ ಬಸ್ಸಿಗೆ, ಹೇಳದೆ ಕೇಳದೆ. ಮನೆಯೊಳಗೆ ಬರದೆ ನೇರ ಶೆಡ್ಡಿಗೆ ಹೋಗಿ ನಿಂತಿದ್ದ. ಅವನ ಕೆಮ್ಮು ಕೇಳಿ ಅತ್ತೆಗೆ ಗುರುತು ಸಿಕ್ಕಿತು. ಅವರು ಗೋಡೆ ಹಿಡಿದುಕೊಂಡು ತಮ್ಮ ಕೋಣೆಗೆ ಹೋಗಿ ಅಗಳಿ ಹಾಕಿಕೊಂಡರು.

ನಾನು ನನ್ನ ಗಂಡನ ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ತೊಟ್ಟು, ಗ್ರೀಸಿನ ಡಬ್ಬಿ ಹಿಡಿದು ಹೋದೆ. ಅವನು ಆಗಲೇ ಹಿಂದಿನ ಚಕ್ರವನ್ನು ಜಾಕಿನಿಂದ ಎತ್ತಿದ್ದ. ಗೋಣಿಚೀಲ ಹಾಸಿದ್ದ. "ನಾನು ಮಲಗ್ತೀನಿ. ನೀವು ಚಕ್ರ ತಿರುಗ್ಸಿ" ಎಂದು, ನಾನು ಏನಾದರೂ ಅನ್ನುವ ಮೊದಲೇ ನೆಲಕ್ಕೆ ಒರಗಿದ. ಅವನು ಅದನ್ನು ಹೇಳಿದ ರೀತಿ ನನಗೆ ಸರಿ ಕಾಣಲಿಲ್ಲ. ಬಗ್ಗಿ ನೋಡಿದೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿರಲಿಲ್ಲ. ಅಚ್ಚಿನ ಕೆಳಗೆ ಆಸರೆಯಿರಲಿಲ್ಲ. ಅಷ್ಟು ಭಾರದ ಗಾಡಿ ಆ ಒಂದು ಜಾಕಿನ ಮೇಲೆ ನಿಂತಿತ್ತು. ಹುಟ್ಟಿದಾಗಿನಿಂದ ಗಾಡಿಯ ಜೊತೆ ಬೆಳೆದವನಿಗೆ, ಅದರಲ್ಲೂ ಅವನಿಗೆ, ಇದು ಗೊತ್ತಿಲ್ಲದ್ದೇನಲ್ಲ.

"ಎದ್ದು ಬಾ ಹೊರಗೆ" ಎಂದೆ.

"ಏನಾಗಲ್ಲ ಬಿಡ್ರಿ."

"ಎದ್ದು ಬಾ ಅಂದೆ." ಅವನ ಕಾಲು ಹಿಡಿದು ಎಳೆದೆ. ಅವನು ಹೊರಗೆ ಬಂದು ಚಕ್ರಕ್ಕೆ ಬೆನ್ನು ಕೊಟ್ಟು ಕೂತ. ನಾನೂ ಎದುರಿಗೆ ನೆಲದ ಮೇಲೆ ಕೂತೆ. "ಇದಕ್ಕೇ ಬಂದ್ಯಾ ನೀನು?" ಎಂದು ಕೇಳಿದೆ. ಅವನು ಅಂಗೈಗೆ ಹತ್ತಿದ್ದ ಮಣ್ಣನ್ನು ಉಜ್ಜಿಕೊಂಡ. ಆಮೇಲೆ, ನಾನು ಕೇಳದೆಯೇ, ಅಂದಿನದನ್ನು ಹೇಳಿದ.

"ನಿಪ್ಪಲ್ ಮೇಲಾಗಿತ್ತು. ಅಣ್ಣ ಚಕ್ರ ತಿರುಗ್ಸು ಅಂದ. ಬಿಗಿಯಾಗಿತ್ತು, ಬರಲಿಲ್ಲ. ಕಾಲು ಕೊಟ್ಟು ಜೋರಾಗಿ ಎಳೆದೆ. ಮುಂದ್ಗಡೆ ಅರ್ಧ ಇಟ್ಟಿಗೆ ಇಟ್ಟಿದ್ವಿ, ಅಷ್ಟೇ. ಯಾವಾಗ್ಲೂ ಹಂಗೇ ಮಾಡ್ತಿದ್ದದ್ದು. ಅಣ್ಣ ಸಾಕು ಅಂದ."

ಅವನು ಚಕ್ರದ ಕಡೆ ತಿರುಗಿ ನೋಡಿದ.

"ಸಾಕು ಅಂದದ್ದು ನನಗೆ ಕೇಳ್ಸಿತು ಅತ್ತಿಗೆ. ಕೇಳ್ಸಿದ ಮೇಲೆ ಕೈ ಬಿಟ್ನೋ, ಇನ್ನೊಂಚೂರು ಎಳದ್ನೋ, ಅದು ನನಗೇ ಗೊತ್ತಿಲ್ಲ. ಎಷ್ಟು ನೆನೆಸಿಕೊಂಡ್ರೂ ಗೊತ್ತಾಗಲ್ಲ. ಒಂದೊಂದ್ ದಿನ ಬಿಟ್ಟಿದ್ದೆ ಅನ್ಸುತ್ತೆ. ಒಂದೊಂದ್ ದಿನ ಇಲ್ಲ. ಅವ್ವ ಅವತ್ತು ಕೇಳಿದ್ಳು. ಏನಂತ ಹೇಳ್ಲಿ?"

ಸಮಾಧಾನ ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ನನ್ನ ಗಂಡನ ಕೊನೆಯ ಮಾತು ಏನಿತ್ತೋ ಎಂದು ಅಷ್ಟು ವರ್ಷ ಯೋಚಿಸಿದ್ದೆ. ಅದು ನನಗಾಗಲಿ ಮಗಳಿಗಾಗಲಿ ಹೇಳಿದ ಮಾತಾಗಿರಲಿಲ್ಲ. ಸಾಕು. ಒಂದು ಚಕ್ರದ ವಿಷಯಕ್ಕೆ.

ಹೊರಗೆ ಮಿಲ್ಲಿನ ಸದ್ದು ನಿಂತು ಮತ್ತೆ ಶುರುವಾಯಿತು. ಎದ್ದೆ. "ಕಲ್ಲು ತಗೊಂಡು ಬಾ. ಮರದ ದಿಮ್ಮಿ ಮಿಲ್ಲಿನ ಹಿಂದೆ ಅವೆ. ದೊಡ್ಡವು ತಗೊಂಡು ಬಾ" ಎಂದೆ. ಅವನು ಹೋಗಿ ತಂದ. ನೆಲದ ಮೇಲಿದ್ದ ಮೂರೂ ಚಕ್ರಗಳಿಗೆ ಹಿಂದೆಮುಂದೆ ಕಲ್ಲು ಕೊಟ್ಟ. ಅಚ್ಚಿನ ಕೆಳಗೆ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿದ. ನಾವಿಬ್ಬರೂ ಭುಜ ಕೊಟ್ಟು ಗಾಡಿಯನ್ನು ಅಲುಗಾಡಿಸಿ ನೋಡಿದೆವು. ಅಲುಗಲಿಲ್ಲ. ಅವನು ಗ್ರೀಸ್ ಗನ್ನಿಗೆ ಕೈ ಚಾಚಿದ. ನಾನು ಕೊಡಲಿಲ್ಲ.

"ನಾನು ಮಲಗ್ತೀನಿ. ನೀನು ತಿರುಗ್ಸು."

"ಅತ್ತಿಗೆ, ಬ್ಯಾಡ್ರಿ. ಕಾಲಿಗೆ ಬೀಳ್ತೀನಿ, ಬ್ಯಾಡ."

"ನಿನ್ನನ್ನ ಕೆಳಗೆ ಬಿಟ್ಟು ನಾನು ಮೇಲೆ ನಿಲ್ಲಲ್ಲ. ತಿರುಗ್ಸು."

ಬೆನ್ನ ಮೇಲೆ ಮಲಗಿ ಒಳಗೆ ಸರಿದೆ. ಅದೇ ನೆಲ. ಕತ್ತಲೆ, ಮಣ್ಣು, ಹಳೆಯ ಎಣ್ಣೆ. ಮುಖದ ಮೇಲೆ ಒಂದು ಗೇಣು ಬಿಟ್ಟು ಶಾಫ್ಟು, ಎದೆಯ ಪಕ್ಕಕ್ಕೆ ಆ ಕಬ್ಬಿಣದ ಗುಂಡು. ಧೈರ್ಯವಿತ್ತು ಎಂದರೆ ಸುಳ್ಳಾಗುತ್ತದೆ. ಅವರು ಸತ್ತ ಜಾಗವನ್ನು ಅವರು ನೋಡಿದ ಹಾಗೆ ಕೆಳಗಿನಿಂದ ನೋಡುತ್ತಿದ್ದೇನೆ ಎಂದು ಅನಿಸಿದಾಗ ಹೊರಗೆ ಓಡಿಬಿಡೋಣ ಎನಿಸಿತು. ಆದರೆ ಅಲ್ಲಿಂದ ಕಾಣುತ್ತಿದ್ದದ್ದು ಮೈದುನನ ಪಾದಗಳು ಮಾತ್ರ. ಆ ಪಾದಗಳು ನಿಂತಲ್ಲಿ ನಿಲ್ಲಲಾಗದೆ ಕದಲುತ್ತಿದ್ದವು.

"ನಿಪ್ಪಲ್ ಮೇಲೈತೆ" ಎಂದೆ.

ಚಕ್ರ ಮೆಲ್ಲಗೆ ತಿರುಗಿತು. ಶಾಫ್ಟು ಕಿರುಗುಟ್ಟುತ್ತ ಹೊರಳಿತು. ನಿಪ್ಪಲ್ ಪಕ್ಕಕ್ಕೆ ಬಂತು, ಇನ್ನಷ್ಟು ಕೆಳಗೆ ಬಂತು. ಸಾಕು ಎಂಬ ಅವರ ಮಾತನ್ನು ಬಳಸಲಾರದೆ ನಾನು "ಹಾಂ" ಎಂದೆ. ಚಕ್ರ ಅಲ್ಲೇ ನಿಂತಿತು. ಗನ್ನಿನ ಬಾಯಿ ಕಚ್ಚಿಸಿ ಒತ್ತಿದೆ. ಮೊದಲು ಏನೂ ಆಗಲಿಲ್ಲ. ಮತ್ತೆ ಒತ್ತಿದಾಗ ಕೀಲಿನ ಸಂದುಗಳಿಂದ ಟಾರಿನಂಥ ಹಳೆಯ ಗ್ರೀಸು ಹೊರಬಂದು ನನ್ನ ಕುತ್ತಿಗೆಯ ಮೇಲೆ ಬಿತ್ತು. ಆಮೇಲೆ ಹೊಸದು, ಹಳದಿಯದು ಬಂತು. ಮೂರು ತೋಳುಗಳಿಂದ ಬಂತು, ನಾಲ್ಕನೆಯದರಿಂದ ಬರಲಿಲ್ಲ. ಅಲ್ಲಿಂದ ಉದುರಿದ್ದು ಇಟ್ಟಿಗೆ ಪುಡಿಯಂಥ ತುಕ್ಕು. ಹೇಳಿದೆ. ಮೇಲಿನಿಂದ ಅವನ ದನಿ ಬಂತು, ಮೊದಲ ಬಾರಿಗೆ ಸಹಜವಾದ ದನಿ.

"ಅದು ಹೋಗೈತೆ ಅತ್ತಿಗೆ. ಒಳಗಿನ ಸೂಜಿ ಬೇರಿಂಗು ಪುಡಿಯಾಗ್ಯಾವೆ. ಬೇರೇದೇ ಹಾಕ್ಬೇಕು. ಬಳ್ಳಾರೀಲಿ ಸಿಕ್ರೆ ತರ್ತೀನಿ."

ಅವನು ಬಸ್ಸಿಗೆ ಹೋದಮೇಲೆ ಅತ್ತೆ ಅಗಳಿ ತೆಗೆದರು. ನಾನು ಕುತ್ತಿಗೆಯ ಗ್ರೀಸನ್ನು ಸೀಮೆಎಣ್ಣೆಯಿಂದ ಒರೆಸಿಕೊಳ್ಳುತ್ತಿದ್ದೆ.

"ಏನಂದ?"

"ಜಾಕ್ ಜಾರ್ತಂತೆ."

"ಅಷ್ಟೇನಾ?"

"ಅಷ್ಟೇ ಅತ್ತೆ."

ಅವರು ನನ್ನ ಮುಖದ ಕಡೆ ನೋಡಿದರು. ಎಷ್ಟು ಕಾಣುತ್ತಿತ್ತೋ ಗೊತ್ತಿಲ್ಲ. ಅವನು ನನಗೆ ಹೇಳಿದ್ದನ್ನು ಅವರಿಗೆ ಹೇಳಿದ್ದರೆ, ಅವರು ಅದರಲ್ಲಿ ತಮಗೆ ಬೇಕಾದ ಅರ್ಧವನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದರು.

ಮೈದುನ ಹೊಸ ಕ್ರಾಸ್ ತಂದು ಹಾಕಿದ. ಶಾಫ್ಟು ಇಳಿಸುವ ಕೆಲಸ ನನ್ನಿಂದ ಆಗದ್ದು, ಅವನೇ ಮಲಗಬೇಕಾಯಿತು. ದಿಮ್ಮಿಗಳನ್ನು ನಾನೇ ಜೋಡಿಸಿ, ಮುಗಿಯುವವರೆಗೂ ಪಕ್ಕದಲ್ಲೇ ಕೂತಿದ್ದೆ. ಗಾಡಿ ಓಡಿತು. ಅದರಲ್ಲಿ ಪರಶುರಾಂಪುರಕ್ಕೆ ಹೋಗಿಬಂದೆ, ಹೊಲಕ್ಕೆ ಹೋಗಿಬಂದೆ. ಊರು ಅದಕ್ಕೂ ಮಾತಾಡಿತು. ಅತ್ತೆ ಒಂದು ದಿನವೂ ಅದರಲ್ಲಿ ಕೂರಲಿಲ್ಲ. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾದಾಗಲೂ ಬಸ್ಸೇ.

ತಿಂಗಳಿಗೋ ಎರಡು ತಿಂಗಳಿಗೋ ಮೈದುನ ಬರುತ್ತಿದ್ದ. ಗ್ರೀಸು ಹೊಡೆದು, ಹೊರಗಿನ ಕಟ್ಟೆಯ ಮೇಲೆ ಊಟ ಮಾಡಿ ಹೋಗುತ್ತಿದ್ದ. ಅಂದಿನ ಮಾತು ಮತ್ತೆ ನಮ್ಮ ನಡುವೆ ಬರಲಿಲ್ಲ. ಒಮ್ಮೆ ಅತ್ತೆ ಒಳಗಿನಿಂದ, "ಉಂಡ್ನಾ?" ಎಂದು ಕೇಳಿದರು. ಯಾರೆಂದು ಹೇಳಲಿಲ್ಲ. ನಾನು ಹೊರಗೆ ಹೋಗಿ ಅವನಿಗೆ ಹೇಳಿದೆ. ಅವನು ಎಂಜಲು ಕೈಯಲ್ಲೇ ಎದ್ದು, ಅವರ ಕೋಣೆಯ ಹೊಸ್ತಿಲವರೆಗೆ ಹೋಗಿ, "ಉಂಡೆ ಅವ್ವಾ" ಎಂದ. ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು. ಅವನು ವಾಪಸು ಬಂದು, ತಟ್ಟೆಯಲ್ಲಿ ಉಳಿದಿದ್ದ ಅನ್ನವನ್ನು ನಾಯಿಗೆ ಹಾಕಿದ.

ಅತ್ತೆ ತೀರಿಕೊಂಡಾಗ ಹೊಸ ಶತಮಾನ ಬಂದು ಕೆಲವು ವರ್ಷಗಳಾಗಿದ್ದವು. ನಮ್ಮಲ್ಲಿ ಹೋದವರನ್ನು ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಕೂರಿಸುತ್ತಾರೆ. ಮೈದುನ ಬಂದು ಅವರೆದುರಿಗೆ ಕೂತ. ಅಷ್ಟು ವರ್ಷಗಳಲ್ಲಿ ಮೊದಲ ಸಲ ತಾಯಿಯ ಮುಖ ಅವನ ಕಡೆಗಿತ್ತು. ಅವನು ಅಳಲಿಲ್ಲ, ಕಣ್ಣೂ ಕೀಳಲಿಲ್ಲ. ಬಂಧುಗಳು "ಏಳಪ್ಪ, ಹೊತ್ತಾಯ್ತು" ಎಂದು ರಟ್ಟೆ ಹಿಡಿದು ಎಬ್ಬಿಸಬೇಕಾಯಿತು.

ಆಮೇಲೆ ಅವನು ಬರುವುದು ನಿಂತಿತು. ನಾನೇ ಒಂದೆರಡು ವರ್ಷ ಗಾಡಿಯನ್ನು ನೋಡಿಕೊಂಡೆ. ಸೊಂಟ ಬಗ್ಗದ ಹಾಗಾದಾಗ, ಹಳೆಯ ಗಾಡಿಗಳ ಹುಚ್ಚಿದ್ದ ಹಿರಿಯೂರಿನ ಒಬ್ಬರಿಗೆ ಕೊಟ್ಟೆ. ಕೊಡುವ ಮೊದಲು ಮೊಳಕಾಲ್ಮೂರಿಗೆ ಹೋಗಿ ಅವನನ್ನು ಕೇಳಿದೆ. "ನಿಮ್ಮಿಷ್ಟ ಅತ್ತಿಗೆ" ಎಂದ. ಬೇರೆ ಏನೂ ಕೇಳಲಿಲ್ಲ. ಅವನ ಹೆಂಡತಿ ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದವಳು, "ನಿದ್ದೆ ಮಾಡಲ್ಲ ಅಕ್ಕ ಅವ್ರು. ಕೂತೇ ಇರ್ತಾರೆ" ಎಂದಳು.

ಅವನನ್ನು ಕ್ಷಮಿಸಿದೆಯಾ ಎಂದು ಮಗಳು ಕೇಳಿದ್ದಾಳೆ. ಕ್ಷಮಿಸಲು ಏನಾದರೂ ಇತ್ತೋ ಇಲ್ಲವೋ ಗೊತ್ತಿದ್ದರೆ ಹೇಳಬಹುದಿತ್ತು. ಅದು ಅವನಿಗೇ ಗೊತ್ತಿಲ್ಲ.